ಅತ್ತಿಯ ಜಳಕ, ಅಪ್ಪನ ಕಾರು

ಕುಷಾಯಿಗೂಡದ ನಮ್ಮ ಮನೆಯಲ್ಲಿ ಬಚ್ಚಲು ಹಿತ್ತಲಿನಲ್ಲಿರಲಿಲ್ಲ, ಅಂಗಳದ ಕೊನೆಗೆ ಗೇಟಿನ ಎದುರಿಗಿತ್ತು. ಮನೆ ಕಟ್ಟಿಸುವಾಗ ಹಿಂದಿನ ಜಾಗದ ಬಗ್ಗೆ ಪಕ್ಕದವರು ತಕರಾರು ತೆಗೆದರಂತೆ; ಜಗಳ ಬೇಡವೆಂದು ಅಪ್ಪ ಬಚ್ಚಲನ್ನು ಅಂಗಳಕ್ಕೆ ತಂದುಬಿಟ್ಟ. ಹಾಗಾಗಿ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಹೊಗೆ ಹಿಡಿದ ಒಂದು ಗೋಡೆ, ಅದಕ್ಕೆ ಒರಗಿಸಿಟ್ಟ ಸೌದೆ. ಒಳಗೆ ಒಲೆಯ ಮೇಲೆ ಹೂತಿಟ್ಟಂತೆ ಕೂರಿಸಿದ ತಾಮ್ರದ ಹಂಡೆ. ಸ್ನಾನದ ನೀರು ತೆರೆದ ಮೋರಿಯಲ್ಲಿ ಅಂಗಳದುದ್ದಕ್ಕೂ ಹರಿದು, ಗೇಟಿನ ಕೆಳಗಿಂದ ಬೀದಿಯ ಚರಂಡಿ ಸೇರುತ್ತಿತ್ತು. ಚಳಿಗಾಲದ ನಸುಕಿನಲ್ಲಿ ಆ ಮೋರಿಯಿಂದ ಹಬೆ ಏಳುತ್ತಿತ್ತು. ಅದರ ಮೇಲೆ ಎರಡೂ ಅಂಗೈ ಹಿಡಿದು ಕುಕ್ಕರುಗಾಲಲ್ಲಿ ಕೂರುವುದು ನನಗೆ ಸುಖವೆನಿಸುತ್ತಿತ್ತು. ಅವ್ವ ನೋಡಿದರೆ ಬಯ್ಯುತ್ತಿದ್ದಳು. ಅತ್ತಿ ನೋಡಿದರೆ ನಗುತ್ತಿದ್ದಳು.

ಅತ್ತಿ ಎಂದರೆ ಅಪ್ಪನ ಅಕ್ಕ, ಸಂಗಮ್ಮ. ಅಪ್ಪ ನಾಲ್ಕು ವರ್ಷದವನಿದ್ದಾಗ ಅವರ ತಾಯಿ ತೀರಿಕೊಂಡಿದ್ದಳು. ಅವನನ್ನು ಎತ್ತಿ ಬೆಳೆಸಿದವಳು ಅತ್ತಿಯೇ. ಗಂಡನನ್ನು ಬೇಗ ಕಳೆದುಕೊಂಡು, ಬೀದರ್ ಕಡೆಯ ಊರಿನಲ್ಲಿ ತನ್ನ ಪಾಡಿಗೆ ತಾನಿದ್ದವಳಿಗೆ ಮೂತ್ರಪಿಂಡ ಎರಡೂ ಕೈಕೊಟ್ಟವು. ರಕ್ತ ಶುದ್ಧಿ ಮಾಡುವ ಮಷೀನು ಅವಳ ಊರಿನ ಹತ್ತಿರ ಎಲ್ಲೂ ಇರಲಿಲ್ಲ. ಹೀಗೆ ಅವಳು ನಮ್ಮಲ್ಲಿಗೆ ಬಂದಳು. ಮುಂದಿನ ಕೋಣೆಯಲ್ಲಿ, ಅಂಗಳ ಕಾಣುವ ಕಿಟಕಿಯ ಪಕ್ಕ ಅವಳ ಮಂಚ. ಅದೇ ಕೋಣೆಯ ನೆಲದ ಮೇಲೆ ನನ್ನ ಹಾಸಿಗೆ. ಅವಳ ಜೊತೆ ಅವಳ ಪೂಜೆಯೂ ಬಂತು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡದೆ ಅತ್ತಿ ಬಾಯಿಗೆ ಒಂದು ಹನಿ ನೀರು ಹಾಕುತ್ತಿರಲಿಲ್ಲ. ಸ್ನಾನ ಮಾಡದೆ ಲಿಂಗ ಮುಟ್ಟುತ್ತಿರಲಿಲ್ಲ. ತಣ್ಣೀರು ಮೈಗೆ ತಾಗಿದರೆ ಅವಳಿಗೆ ನಡುಕ ಹತ್ತಿ ಗಂಟೆಗಟ್ಟಲೆ ನಿಲ್ಲುತ್ತಿರಲಿಲ್ಲ. ಆದ್ದರಿಂದ ಮಷೀನಿನ ದಿನಗಳಾದ ಮಂಗಳವಾರ, ಶುಕ್ರವಾರ ನಾಲ್ಕೂವರೆಗೇ ಅವ್ವ ಎದ್ದು ಒಲೆ ಹಚ್ಚುತ್ತಿದ್ದಳು. ಸ್ನಾನ, ಪೂಜೆ, ಆಮೇಲೆ ಅರ್ಧ ರೊಟ್ಟಿ, ಅರ್ಧ ಲೋಟ ಚಹಾ. ಐದೂ ಮುಕ್ಕಾಲಿಗೆ ಅತ್ತಿ ಶಾಲು ಹೊದ್ದು ಕಾರಿನ ಹಿಂದಿನ ಸೀಟಿನಲ್ಲಿ ಕೂತಿರಬೇಕು. ಆರೂವರೆಗೆ ನಾರಾಯಣಗೂಡದ ಆಸ್ಪತ್ರೆಯಲ್ಲಿ ಅವಳ ಪಾಳಿ. ತಡವಾದರೆ ಅಷ್ಟು ಹೊತ್ತು ಕಡಿಮೆ. ಹತ್ತೂವರೆಗೆ ಆ ಕುರ್ಚಿಗೆ ಇನ್ನೊಬ್ಬರು ಬರುತ್ತಿದ್ದರು.

ಕಾರು ಬಂದದ್ದೇ ಅತ್ತಿಗಾಗಿ. ಅಪ್ಪ ಹತ್ತಿರದ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದವನು, ನಾನು ಏಳನೆಯ ತರಗತಿಗೆ ಬರುವ ಹೊತ್ತಿಗೆ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದ. ಊರಿನ ಆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮ ಬೀದಿಯ ಎರಡು ಮನೆಗಳ ಮಕ್ಕಳನ್ನು ಕರೆದೊಯ್ಯಲು ಕಂಪನಿಯ ಬಿಳಿ ಕಾರುಗಳು ಬಂದು ನಿಲ್ಲುತ್ತಿದ್ದವು. ಅಪ್ಪನೂ ಒಂದು ಕಂಪ್ಯೂಟರ್ ತರಗತಿಗೆ ಸೇರಿ, ಮೀಸೆ ಮೂಡದ ಹುಡುಗರ ನಡುವೆ ಹನ್ನೆರಡು ದಿನ ಕೂತು, ಹದಿಮೂರನೆಯ ದಿನ ಹೋಗಲಿಲ್ಲ. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅತ್ತಿಯನ್ನು ವಾರಕ್ಕೆರಡು ಸಲ ಕರೆದೊಯ್ಯುವುದೇ ಆಗ ಅವನ ಡ್ಯೂಟಿ. ಕಾರ್ಖಾನೆಯ ಸಾಹೇಬರೊಬ್ಬರು ಮಾರಿದ ಕೆನೆಬಣ್ಣದ ಹಳೆಯ ಕಾರು ಅದು. ನಮ್ಮ ಅಂಗಳದಲ್ಲಿ ಅದಕ್ಕೆ ಸರಿಯಾದ ಜಾಗ ಇಲ್ಲದ್ದರಿಂದ, ಗೇಟಿನಿಂದ ನೇರ ಒಳಗೆ ನುಗ್ಗಿಸಿ, ಮೂತಿಯನ್ನು ಬಚ್ಚಲ ಗೋಡೆಗೆ ತಾಗಿಸಿದಂತೆ ನಿಲ್ಲಿಸಬೇಕಿತ್ತು. ಬೇಸಿಗೆಯಲ್ಲಿ ಅದು ತಕರಾರಿಲ್ಲದೆ ಓಡಿತು. ಮಳೆಗಾಲದಲ್ಲಿ ಆಗೀಗ ಮುನಿಸಿಕೊಂಡಿತು. ಚಳಿ ಬಿದ್ದ ಮೇಲೆ ನಸುಕಿನಲ್ಲಿ ಏಳಲು ಒಲ್ಲೆ ಎನ್ನತೊಡಗಿತು.

ಕೀಲಿ ತಿರುಗಿಸಿದರೆ ಗರ್ರ್ ಗರ್ರ್ ಎಂದು ಗಟ್ಟಿಯಾಗಿಯೇ ತಿರುಗುತ್ತಿತ್ತು, ಆದರೆ ಹೊತ್ತಿಕೊಳ್ಳುತ್ತಿರಲಿಲ್ಲ. ಅಪ್ಪ ಚೋಕ್ ಎಳೆಯುತ್ತಿದ್ದ, ಬಿಡುತ್ತಿದ್ದ. ಕಾರಿನ ಸುತ್ತ ಪೆಟ್ರೋಲು ವಾಸನೆ ಏಳುತ್ತಿತ್ತು. ಹತ್ತು ಹದಿನೈದು ನಿಮಿಷದ ಮೇಲೆ ಕೆಮ್ಮಿ, ಉಗುಳಿ, ಹೇಗೋ ಏಳುತ್ತಿತ್ತು. ಮೊದಲು ಅಪ್ಪ ಬ್ಯಾಟರಿಯ ಮೇಲೆ ಸಂಶಯಪಟ್ಟ. ಅದರ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದು ವ್ಯಾಸಲೀನು ಹಚ್ಚಿದ. ಆಮೇಲೆ ಪ್ಲಗ್ಗುಗಳು. ಯಾರೋ ಹೇಳಿದರೆಂದು, ನಾಲ್ಕೂ ಪ್ಲಗ್ಗು ಬಿಚ್ಚಿ ತಂದು ಅಡುಗೆಮನೆಯ ಗ್ಯಾಸಿನ ಮೇಲೆ ಇಕ್ಕಳದಲ್ಲಿ ಹಿಡಿದು ಕಾಯಿಸತೊಡಗಿದ. ಪಕ್ಕದ ಬರ್ನರಿನಲ್ಲಿ ಹಾಲು ಉಕ್ಕುತ್ತಿತ್ತು. ಅವ್ವ ಸಿಡುಕಿದಳು.

"ಇದು ಅಡಗಿ ಮನಿ ಐತೋ, ಗ್ಯಾರೇಜ್ ಐತೋ? ಪೆಟ್ರೋಲ್ ವಾಸನಿ ಹಾಲಿಗೆ ಹತ್ತತೈತ್ರಿ."

"ಎರಡು ಮಿನಿಟ್ ಸುಮ್ಕಿರು ಶಾಂತಾ. ಬಿಸಿ ಪ್ಲಗ್ ಹಾಕಿದ್ರ ತಟ್ಟಂತ ಏಳ್ತೈತಿ."

"ದಿನಾ ಹಿಂಗ ಕಾಯ್ಸಿ ಹಾಕವರೇನು?"

ಆ ದಿನ ಕಾರು ಎದ್ದಿತು. ಹಾಲು ಅವ್ವ ಯಾರಿಗೂ ಕೊಡಲಿಲ್ಲ, ಸುರಿದಳು.

ಡಿಸೆಂಬರಿನ ಒಂದು ಶುಕ್ರವಾರ ಅದು ಏಳಲೇ ಇಲ್ಲ. ಬೀದಿಯ ಕೊನೆ ಕಾಣದಷ್ಟು ಮಂಜು. ಅಪ್ಪ ತಿರುಗಿಸಿ ತಿರುಗಿಸಿ ಬ್ಯಾಟರಿ ಸೋತು ಬರೀ ಟಕ್ ಟಕ್ ಅನ್ನತೊಡಗಿತು. ನಾನು, ಅವ್ವ ಹಿಂದಕ್ಕೆಳೆದು ಬೀದಿಗೆ ತಂದು ತಳ್ಳಿದೆವು. ಅತ್ತಿ ಇಳಿಯುತ್ತೇನೆಂದಳು, ಅಪ್ಪ ಬೇಡವೆಂದ. ಅವಳು ಒಳಗೆ ಕೂತಿದ್ದಂತೆಯೇ ನಾವು ಚೌಕದವರೆಗೂ ತಳ್ಳಿದೆವು. ಕೊನೆಗೆ ಆಟೋ ಸಿಕ್ಕಾಗ ಏಳು ಗಂಟೆ. ಆಸ್ಪತ್ರೆಯಲ್ಲಿ ನಾಲ್ಕು ತಾಸಿನ ಬದಲು ಎರಡೂವರೆ ತಾಸಷ್ಟೇ ಮಷೀನು ಸಿಕ್ಕಿತು. ಶನಿವಾರ ಅತ್ತಿಯ ಕಾಲು ಊದಿದವು. ಭಾನುವಾರ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮೂರು ದಿಂಬಿಗೆ ಒರಗಿ ಕೂತೇ ಇದ್ದಳು. ಆಕೆಯ ಎದೆಯಿಂದ ಬರುತ್ತಿದ್ದ ಸದ್ದನ್ನು ನಾನು ಕೆಳಗೆ ಮಲಗಿ ಕೇಳುತ್ತಿದ್ದೆ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಯಾವ ವಿಷಯಕ್ಕೂ ದನಿ ಎತ್ತದ ಅವನು ಸೋಮವಾರ ಅವ್ವನ ಮೇಲೆ ರೇಗಿದ, ನನ್ನ ಮೇಲೆ ರೇಗಿದ, ಕೊನೆಗೆ ಅತ್ತಿಯ ಮೇಲೂ.

"ಅಕ್ಕಾ, ನಿನ್ನ ಜಳಕ, ಪೂಜಿ ಇಷ್ಟೊತ್ತು ಆದ್ರ ನಾ ಕಾರ್ ಯಾವಾಗ ಚಾಲೂ ಮಾಡ್ಲಿ? ಗಾಡಿ ಕಾಯ್ಸಾಕ ಟೈಮ್ ಬೇಕಲ್ಲ?"



ಅದೇ ದಿನ ಮಧ್ಯಾಹ್ನ ಅಪ್ಪ ಚೌಕದಿಂದ ಮೆಕ್ಯಾನಿಕ್ ಖಾಜಾ ಭಾಯಿಯನ್ನು ಕರೆತಂದ. ಮಧ್ಯಾಹ್ನದ ಬಿಸಿಲಿಗೆ ಕಾರು ಮೊದಲ ತಿರುವಿಗೇ ಎದ್ದು ಗುರುಗುಟ್ಟಿತು. ಬೆಳಗ್ಗೆ ಕರೆಯಲು ಹೋದರೆ ಅಂಗಡಿ ತೆರೆದಿರುತ್ತಿರಲಿಲ್ಲ. ಅಂಗಡಿ ತೆರೆದಾಗ ಕಾರಿಗೆ ರೋಗವೇ ಇರುತ್ತಿರಲಿಲ್ಲ. ಖಾಜಾ ಭಾಯಿ ಕಾರ್ಬುರೇಟರ್ ತೊಳೆದ. ಕೈ ಒರೆಸಿಕೊಳ್ಳುತ್ತ ಹೇಳಿದ:

"ಗಾಡಿ ಮೇ ಕುಛ್ ನೈ ಸಾಬ್. ಠಂಡ್ ಹೈ ನಾ, ಬುಡ್ಢೀ ಹೈ ಬೇಚಾರೀ."

ಗಾಡಿಗೇನೂ ಆಗಿಲ್ಲ, ಚಳಿ, ಪಾಪ ಮುದುಕಿ ಎಂದು ಅವನು ಕಾರಿಗೇ ಅಂದದ್ದು ಅತ್ತಿಗೆ ಅರ್ಥವಾಯಿತು. ಕಿಟಕಿಯ ಸರಳು ಹಿಡಿದುಕೊಂಡು ಅವಳು ಅಪ್ಪನನ್ನು ಕರೆದಳು.

"ಬಸೂ, ಒಂದು ಮಾತು ಹೇಳ್ಲೇನು? ನಾ ಇಲ್ಲಿಂದ ದಿನಾ ನೋಡತೀನಿ. ನಾ ಜಳಕ ಮಾಡಿದ ದಿನಾನ ಅದು ಏಳೂದಿಲ್ಲ. ಹೋದ ವಾರ ಸೌದಿ ಹಸಿ ಇದ್ದು ನೀರು ಕಾಯಲಿಲ್ಲ, ಜಳಕ ಬಂದ ಮ್ಯಾಲ ಮಾಡಿದ್ನಲ್ಲ, ಆವತ್ತ ಎದ್ದಿತ್ತು. ಥಂಡಿ ಆವತ್ತೂ ಇತ್ತು."

ಅಪ್ಪ ಖಾಜಾ ಭಾಯಿಗೆ ಅದನ್ನು ಹಿಂದಿಯಲ್ಲಿ ಹೇಳಿದ. ಇಬ್ಬರೂ ನಕ್ಕರು. ಕೆಟ್ಟ ನಗೆಯಲ್ಲ ಅದು. ಆದರೂ ನಕ್ಕರು.

"ಜಳಕಕ್ಕೂ ಇಂಜಿನ್‌ಗೂ ಏನ್ ಸಂಬಂಧಬೇ ಅಕ್ಕಾ?"

"ನನಗೇನ್ ತಿಳೀತೈತಿ. ಕಂಡದ್ದು ಹೇಳಿದೆ," ಎಂದು ಅತ್ತಿ ಕಿಟಕಿಯಿಂದ ಸರಿದಳು.

ಅಪ್ಪ ಅಂದು ಹೊಸ ಪ್ಲಗ್ಗು ತಂದು ಹಾಕಿದ. ಮಂಗಳವಾರ ಬೆಳಗ್ಗೆ ಅವ್ವ ಒಲೆ ಹಚ್ಚಲು ಹೋದಾಗ ಅತ್ತಿ, ಮೈಯಾಗ ಶಕ್ತಿ ಇಲ್ಲ, ಬಂದ ಮೇಲೆ ಮಾಡುತ್ತೇನೆ ಎಂದಳು. ಮಂಜು ಹಿಂದಿನ ಶುಕ್ರವಾರದಷ್ಟೇ ಇತ್ತು. ಅಪ್ಪ ಕೀಲಿ ತಿರುಗಿಸಿದ. ಕಾರು ಎರಡನೆಯ ತಿರುವಿಗೆ ಎದ್ದಿತು. ಅಪ್ಪ ಸ್ಟೀರಿಂಗ್ ಮೇಲೆ ಅಂಗೈಯಿಂದ ಬಡಿದು "ಪ್ಲಗ್ಗೇ ಇತ್ತು ನೋಡು!" ಎಂದು ಕೂಗಿದ. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಅಂಥ ಬೆಳಕು. ಶುಕ್ರವಾರವೂ ಎದ್ದಿತು. ಮುಂದಿನ ಮಂಗಳವಾರವೂ. ಅಪ್ಪ ಬೀದಿಯಲ್ಲಿ ನಿಂತು ಕಂಪನಿ ಕಾರಿನ ಡ್ರೈವರಿಗೆ ಪ್ಲಗ್ಗಿನ ವಿಚಾರ ವಿವರಿಸುವುದನ್ನು ನಾನು ಕೇಳಿಸಿಕೊಂಡೆ. ಕಾರ್ಖಾನೆಯಲ್ಲಿದ್ದಾಗಿನ ದನಿ ಅವನಿಗೆ ತಿರುಗಿ ಬಂದಿತ್ತು.

ನಿಜ ನನಗೊಬ್ಬಳಿಗೆ ಗೊತ್ತಿತ್ತು. ಒಂದೇ ಕೋಣೆಯಲ್ಲಿ ಮಲಗುವವರಿಗೆ ಗುಟ್ಟು ಇರುವುದಿಲ್ಲ. ಆ ದಿನಗಳಲ್ಲಿ ಅತ್ತಿ ನಾಲ್ಕೂವರೆಗೇ ಎಚ್ಚರಾಗಿ, ಮಂಚದ ಮೇಲೆ ಕೂತು, ಕರಡಿಗೆಯನ್ನು ಸೀರೆಯ ಮೇಲಿಂದಲೇ ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಹೊತ್ತು ಕಳೆಯುತ್ತಿದ್ದಳು. ಕಾಯಿಲೆಯವರು ಮುಖ ತೊಳೆದುಕೊಂಡರೆ ಸಾಕು, ತಿನ್ನಬಹುದೆಂದು ಅವಳು ಅಪ್ಪ ಅವ್ವನನ್ನು ನಂಬಿಸಿದ್ದಳು. ಅವ್ವ ಚಹಾ ತಂದರೆ, ದಾರಿಯಲ್ಲಿ ಕುಡಿಯುತ್ತೇನೆಂದು ಡಬ್ಬಿಗೆ ಹಾಕಿಸಿಕೊಳ್ಳುತ್ತಿದ್ದಳು, ಕುಡಿಯುತ್ತಿರಲಿಲ್ಲ. ರೊಟ್ಟಿಯೂ ಹಾಗೆಯೇ ವಾಪಸು ಬಂದು ನನ್ನ ಪಾಲಾಗುತ್ತಿತ್ತು. ಮಷೀನಿನಿಂದ ಬಂದು, ಸ್ನಾನ ಪೂಜೆ ಮುಗಿಸಿ ಅವಳು ಮೊದಲ ಗುಟುಕು ನೀರು ಕುಡಿಯುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ನಾನು ಒಮ್ಮೆ ಕೇಳಿಯೇ ಬಿಟ್ಟೆ.

"ಅತ್ತಿ, ನೀ ಜಳಕ ಬಿಟ್ಟದ್ದಕ್ಕ ಕಾರ್ ಏಳಾಕತ್ತೈತಿ, ಹೌದಲ್ಲ?"

"ಬಾಯಿ ಮುಚ್ಚು ಲೀಲಿ. ನಿಮ್ಮಪ್ಪ ಭಾಳ ಖುಷಿ ಅದಾನ. ಹೇಳಬ್ಯಾಡ."

ನಾನು ಹೇಳಲಿಲ್ಲ. ಅತ್ತಿಗೆ ಮಾತು ಕೊಟ್ಟೆನೆಂಬುದು ಒಂದು ಕಾರಣ. ಅಪ್ಪನ ಮುಖ ಮತ್ತೆ ಬಾಡುವುದನ್ನು ನೋಡಲಾರೆನೆಂಬುದು ಇನ್ನೊಂದು. ಹನ್ನೆರಡರ ಹುಡುಗಿಗೆ ಇಬ್ಬರನ್ನೂ ಕಾಪಾಡುತ್ತಿದ್ದೇನೆಂಬ ದೊಡ್ಡಸ್ತಿಕೆಯೂ ಇತ್ತೆಂದು ಈಗ ಅನಿಸುತ್ತದೆ.

ಸಂಕ್ರಾಂತಿಯ ರಜೆಯಲ್ಲಿ ಒಂದು ಶುಕ್ರವಾರ ನಾನೂ ಆಸ್ಪತ್ರೆಗೆ ಹೋದೆ. ಸಾಲಾಗಿ ಆರು ಕುರ್ಚಿ, ಆರು ಮಷೀನು, ಕೊಳವೆಗಳಲ್ಲಿ ಹರಿಯುವ ಕೆಂಪು. ಅತ್ತಿ ನನಗೆ ಕಣ್ಣಿನಿಂದಲೇ ಹೆದರಬೇಡ ಎಂದಳು. ಎರಡು ತಾಸು ಕಳೆದಿರಬಹುದು. ಅವಳು ಆಕಳಿಸಿದಳು, ಹಣೆಯ ಮೇಲೆ ಬೆವರು ಮೂಡಿತು, ತುಟಿ ಬಿಳಿಚಿತು, ತಲೆ ಒಂದು ಪಕ್ಕಕ್ಕೆ ವಾಲಿತು. ನರ್ಸ್ ಓಡಿ ಬಂದು ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ, ಕಾಲು ಮೇಲೆತ್ತಿ, ಕೆನ್ನೆ ತಟ್ಟಿದಳು. ಡಾಕ್ಟರು ಬಂದರು. ಬಿಪಿ ಪೂರ್ತಿ ಇಳಿದಿತ್ತು. ಅಪ್ಪ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಸಂಜೆಯವರೆಗೂ ನೋಯುತ್ತಿತ್ತು. ಅತ್ತಿ ಕಣ್ಣು ಬಿಟ್ಟ ಮೇಲೆ ನರ್ಸ್ ತೆಲುಗಿನಲ್ಲಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು.

"ಪೊದ್ದುನ ಏಮೀ ತಿನಲೇದಾ? ಖಾಲೀ ಕಡುಪುತೋ ತೀಸ್ಕೊಸ್ತಾರಾ?"

ಬೆಳಗ್ಗೆ ಏನೂ ತಿನ್ನಿಸದೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬರುತ್ತೀರಾ ಎಂದು. ರೊಟ್ಟಿ ತಿಂದಿದ್ದಾಳೆ, ಚಹಾ ಕುಡಿದಿದ್ದಾಳೆ ಎಂದು ಅಪ್ಪ ವಾದಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ. ವಾರ್ಡಿನ ನಡುವೆ ನಿಂತು ಅಳುತ್ತ ಎಲ್ಲವನ್ನೂ ಹೇಳಿದೆ: ಸ್ನಾನ ಇಲ್ಲದ್ದಕ್ಕೆ ಪೂಜೆ ಇಲ್ಲ, ಪೂಜೆ ಇಲ್ಲದ್ದಕ್ಕೆ ನೀರಿಲ್ಲ, ರೊಟ್ಟಿಯನ್ನೆಲ್ಲ ನಾನೇ ತಿಂದೆ, ಪ್ಲಗ್ಗಿನಿಂದ ಕಾರು ಎದ್ದದ್ದಲ್ಲ. ಅಪ್ಪ ನನ್ನನ್ನೇ ನೋಡಿದ. ಬಯ್ಯಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ನಾನು ಇಣುಕಿದಾಗ ಅವನ ಬೆನ್ನು ಅಲುಗುತ್ತಿತ್ತು. ನಮ್ಮಪ್ಪ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮನೆಗೆ ಬಂದ ಮೇಲೆ ಅಪ್ಪ ಅತ್ತಿಯ ಮಂಚದ ಕೆಳಗೆ ನೆಲದ ಮೇಲೆ ಕೂತ.

"ಯಾಕ ಹಿಂಗ ಮಾಡಿದಿ ಅಕ್ಕಾ? ಒಂದು ಮಾತು ಹೇಳಬೇಕಿಲ್ಲೇನು?"

"ಹೇಳಿದ್ನಲ್ಲೋ. ನೀವಿಬ್ಬರೂ ನಕ್ರಿ."

ಅಪ್ಪ ತಲೆ ತಗ್ಗಿಸಿದ. ಅತ್ತಿ ಸೂಜಿ ಚುಚ್ಚಿಸಿಕೊಳ್ಳದ ಕೈಯನ್ನು ಅವನ ತಲೆಯ ಮೇಲಿಟ್ಟಳು. "ಆ ಶುಕ್ರವಾರ ಕಾರ್ ನೂಕುವಾಗ ನಿನ್ನ ಮುಖ ಕನ್ನಡಿಯಾಗ ಕಾಣತಿತ್ತು. ನನಗ ನೋಡಾಕ ಆಗಲಿಲ್ಲ ತಮ್ಮಾ," ಎಂದಳು.

ಅವ್ವ ಒಳಗಿನಿಂದ ಬಂದು, ಎಲ್ಲ ನಿಮ್ಮ ನಿಮ್ಮಲ್ಲೇ ಇಟ್ಟುಕೊಂಡು ಸಾಯಿರಿ ಎಂದು ಮೂವರಿಗೂ ಸೇರಿಸಿ ಬೈದಳು. ಆಮೇಲೆ, ಮೋರಿಯ ಹಬೆ ತಾಗದಂತೆ ಕಾರಿನ ಮುಖ ಬೀದಿ ಕಡೆ ಮಾಡಿ ನಿಲ್ಲಿಸಿದರೆ ಆಯಿತಲ್ಲ ಎಂದಳು. ಮಳೆಗಾಲದಲ್ಲೂ ಇದೇ ರೋಗ ಇತ್ತು, ಹಸಿ ತಾಗಿದರೆ ಒಳಗೆ ಏನೋ ಕೈಕೊಡುತ್ತದೆ, ಅದನ್ನು ಹಿಡಿಯದೆ ಬಿಡುವುದಿಲ್ಲ ಎಂದ ಅಪ್ಪ. ಅವನು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮಾಡಿದ ಕೆಲಸ ಅದೇ: ಕೆಟ್ಟ ಯಂತ್ರವನ್ನು ಕೆಟ್ಟ ಸ್ಥಿತಿಯಲ್ಲೇ ನೋಡುವುದು. ಈ ಕಾರನ್ನು ಮಾತ್ರ ಅವನು ಯಾವತ್ತೂ ಒಣಗಿದ ಮೇಲೆಯೇ ಬಿಚ್ಚಿ ನೋಡಿದ್ದ.

ಭಾನುವಾರ ಬೆಳಗ್ಗೆ ಅವ್ವ ಒಲೆ ಹಚ್ಚಿದಳು. ಅತ್ತಿ ಸ್ನಾನಕ್ಕೆ ಹೋದಳು. ಬಿಸಿನೀರು ಮೋರಿಯಲ್ಲಿ ಕಾರಿನ ಮೂತಿಯ ಕೆಳಗಿಂದ ಹರಿಯಿತು; ಹಬೆ ಮೇಲೆದ್ದು ಬಾನೆಟ್ಟಿನೊಳಗೆ ಸೇರಿತು. ಸ್ನಾನ ಮುಗಿದ ಮೇಲೆ ಅಪ್ಪ ಬಾನೆಟ್ ಎತ್ತಿ, ಕಿಡಿ ಕಾಣುವಷ್ಟು ಕತ್ತಲಾಗಲೆಂದು ಮನೆಯ ಎರಡು ಕಂಬಳಿಗಳನ್ನು ಅದರ ಮೇಲಿಂದ ಇಳಿಬಿಟ್ಟ. ನಾನೂ ಅಪ್ಪನೂ ಒಳಗೆ ತಲೆ ಹಾಕಿದೆವು. ಕತ್ತಲೆ, ಹಬೆ, ಎಣ್ಣೆಯ ವಾಸನೆ. ಗೇರಿಲ್ಲದಂತೆ ಮಾಡಿ, ಕೈ ಮುಟ್ಟಿಸಬೇಡ ಎಂದು ನನಗೆ ಹತ್ತು ಸಲ ಹೇಳಿ, ಅಪ್ಪ ಅವ್ವನಿಗೆ ಕೂಗಿದ. ಜೀವನದಲ್ಲಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತಿದ್ದ ಅವ್ವ, ಸೆರಗು ಬಿಗಿದುಕೊಂಡು ಕೀಲಿ ತಿರುಗಿಸಿದಳು.

ನಮ್ಮ ಕಣ್ಣ ಮುಂದೆಯೇ ಕಂಡಿತು. ನಾಲ್ಕು ಪ್ಲಗ್ಗಿಗೂ ಕಿಡಿ ಹಂಚುವ ಕಪ್ಪು ಮುಚ್ಚಳ ಇರುತ್ತದಲ್ಲ, ಅದರ ಮೈಮೇಲೆ ಕೂದಲೆಳೆಯಂಥ ನೀಲಿ ಬೆಳಕು ಹುಳದ ಹಾಗೆ ಹರಿದಾಡಿತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಅಲ್ಲೇ ಸೋರಿ ಹೋಗುತ್ತಿತ್ತು. ಅಪ್ಪ ಮುಚ್ಚಳ ಬಿಚ್ಚಿ ಬಿಸಿಲಿಗೆ ಹಿಡಿದ. ಉಗುರಿನಿಂದ ಸವರಿದರೆ ಮಾತ್ರ ತಿಳಿಯುವಂಥ ಒಂದು ಬಿರುಕು. ಒಣಗಿದ್ದಾಗ ಅದು ನಿರುಪದ್ರವಿ. ಹಬೆಯ ಹನಿ ಕೂತರೆ ಅದೇ ಕಿಡಿಗೆ ದಾರಿ.

"ಏನು ಸಿಕ್ತೇನೋ?" ಎಂದು ಕಿಟಕಿಯಿಂದ ಅತ್ತಿ ಕೇಳಿದಳು.

ಅಪ್ಪ ಮುಚ್ಚಳವನ್ನು ಕಿಟಕಿಗೆ ಒಯ್ದು ಅವಳ ಕೈಯಲ್ಲಿಟ್ಟ, ಬಿರುಕಿನ ಮೇಲೆ ಅವಳ ಬೆರಳಾಡಿಸಿದ. ಅಂಥ ಗೌರವದಿಂದ ಅವನು ಕಾರ್ಖಾನೆಯ ಸಾಹೇಬರಿಗೂ ಏನನ್ನೂ ತೋರಿಸಿರಲಿಕ್ಕಿಲ್ಲ. ಸೋಮವಾರ ಖಾಜಾ ಭಾಯಿ ಹೊಸ ಮುಚ್ಚಳ, ಹೊಸ ವೈರು ಹಾಕಿದ. ಹಳೆಯದನ್ನು ತಿರುಗಿಸಿ ತಿರುಗಿಸಿ ನೋಡಿ, ಕಿಟಕಿಯ ಕಡೆ ತಿರುಗಿ ಹಣೆಗೆ ಕೈ ಮುಟ್ಟಿಸಿ ಸಲಾಂ ಮಾಡಿದ. ಅತ್ತಿ ನಾಚಿಕೊಂಡಳು.

ಈಗ ನಾನು ನಾರಾಯಣಗೂಡದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಸರ್ಕಿಟ್ ಕೈಕೊಟ್ಟಾಗ ಹುಡುಗ ಹುಡುಗಿಯರು ಬ್ಯಾಟರಿ, ವೈರು, ಮೀಟರು ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಸರಿಹೋಯಿತು ಮೇಡಂ ಎನ್ನುತ್ತಾರೆ. ಏನು ಕೆಟ್ಟಿತ್ತು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ನಾನು ಎಲ್ಲವನ್ನೂ ಬಿಚ್ಚಿಸಿ ಮೊದಲಿನಿಂದ ಮಾಡಿಸುತ್ತೇನೆ. ಹಿಂದಿನ ಬೆಂಚಿನ ಯಾರಾದರೂ ಅರ್ಥವಿಲ್ಲದ್ದೆಂದು ತೋರುವ ಮಾತು ಹೇಳಿದರೆ ಉಳಿದವರು ನಗದಂತೆ ನೋಡಿಕೊಳ್ಳುತ್ತೇನೆ. ಈ ಒಂದು ವಿಷಯದಲ್ಲಿ ನಾನು ಬಹಳ ಕಟುವೆಂದು ಕಾಲೇಜಿನಲ್ಲಿ ಹೆಸರಿದೆ.

ಹೊಸ ಮುಚ್ಚಳ ಹಾಕಿದ ಮರುದಿನ, ಆ ಮಂಗಳವಾರ, ಅವ್ವನನ್ನು ಏಳಗೊಡದೆ ಅಪ್ಪನೇ ಒಲೆ ಹಚ್ಚಿದ. ಊದಿ ಊದಿ ಅವನ ಕಣ್ಣು ಕೆಂಪಾಗಿದ್ದವು. ಅತ್ತಿ ಬೇಕಾದಷ್ಟು ಹೊತ್ತು ಸ್ನಾನ ಮಾಡಿದಳು, ಬೇಕಾದಷ್ಟು ಹೊತ್ತು ಪೂಜೆ ಮಾಡಿದಳು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಇಡೀ ರೊಟ್ಟಿ ತಿಂದಳು. ಅಂಗಳದಲ್ಲಿ ಮಂಜು ಯಾವುದು ಹಬೆ ಯಾವುದು ತಿಳಿಯುತ್ತಿರಲಿಲ್ಲ. ಕಾರಿನ ಮೂತಿಯೇ ಕಾಣುತ್ತಿರಲಿಲ್ಲ. ಅಪ್ಪ ಕೀಲಿ ತಿರುಗಿಸಿದ. ಒಂದೇ ತಿರುವು. ಎದ್ದಿತು. ಅಪ್ಪ ಅದನ್ನು ಆರಿಸಿಬಿಟ್ಟ. ನಾವೆಲ್ಲ ಗಾಬರಿಯಾದೆವು. ಮತ್ತೆ ತಿರುಗಿಸಿದ, ಮತ್ತೆ ಎದ್ದಿತು. ಮತ್ತೆ ಆರಿಸಿದ. ಮೂರನೆಯ ಸಲಕ್ಕೆ ಅವ್ವ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಹಿಂದಿನ ಸೀಟಿನಿಂದ ಅತ್ತಿ ಮುಂದೆ ಬಾಗಿ ಅಪ್ಪನ ಬೆನ್ನಿಗೆ ಮೆಲ್ಲಗೆ ಒಂದು ಗುದ್ದಿದಳು.

"ಸಾಕೋ ಹುಡುಗಾ, ಆಟ ಮುಗೀತಿಲ್ಲೋ? ನಡಿ, ಹೊತ್ತಾತು."